ಅವ್ವಗ ಹೆಂಗ ಹೇಳೂದು?

2018ರ 'ಲವ್, ಸೈಮನ್' ಸಿನಿಮಾದಾಗ ಹೈಸ್ಕೂಲ್ ಹುಡುಗ ಸೈಮನ್ ಕ್ರಿಸ್‌ಮಸ್ ದಿನ ಅವ್ವ-ಅಪ್ಪನ ಮುಂದ ತಾನು ಗೇ ಅಂತ ಹೇಳತಾನ. ಆದ್ರ ಅಷ್ಟೊತ್ತಿಗೆ ಕ್ಲಾಸಿನ ಹುಡುಗನೊಬ್ಬ ಆ ಗುಟ್ಟು ಬಯಲು ಮಾಡಿಬಿಟ್ಟಿರತಾನ. ನನ್ನ ಕೇಳಿದ್ರ, ಇಡೀ ಸಿನಿಮಾದಾಗ ದೊಡ್ಡ ಅನ್ಯಾಯ ಅದು. ಯಾರಿಗೆ, ಯಾವಾಗ ಹೇಳಬೇಕು ಅನ್ನೂದು ಅವನ ಹಕ್ಕು.

ನಮ್ಮ ಕಡೆ ರೋಣ, ನರಗುಂದ, ಗಜೇಂದ್ರಗಡದಂಥ ಊರಾಗೂ ಇಂಥ ಗುಟ್ಟು ಒಬ್ಬರಿಗೆ ತಿಳಿದ್ರ ಸಂಜಿಯೊಳಗ ಓಣಿಗೆಲ್ಲ ತಿಳೀತದ. ಅದಕ್ಕ ಗೆಳೆಯ ನಂಬಿ ಹೇಳಿದ್ದು ನಿಮ್ಮ ಹೊಟ್ಟ್ಯಾಗ ಇರ್ಲಿ.

ಕನ್ನಡದಾಗೂ ಗೇ ಮಂದಿಯ ಮಾತು ಬಂದೈತಿ. ಸಂಡೂರಿನ ವಸುಧೇಂದ್ರ ಅವರ 'ಮೋಹನಸ್ವಾಮಿ' ಕಥಾಸಂಕಲನ 2013ರಾಗ ಬಂತು, ಓದ್ರಿ. 2018ರ ಸೆಪ್ಟೆಂಬರ್ 6ಕ್ಕ, ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟೂ ಹೇಳೇತಿ.

ಅವ್ವಾರ, ಅಪ್ಪಾರ, ಮಗ ಬಾಯಿ ಬಿಟ್ಟ್ರ ನಡುವ ತಡೀಬ್ಯಾಡ್ರಿ. ಮನಸ್ಸಿಗೆ ಭಾರ ಆಗಿದ್ರ ಸರ್ಕಾರದ ಟೆಲಿ ಮಾನಸ್ ನಂಬರ್ 14416ಕ್ಕ ಫೋನ್ ಹಚ್ರಿ, ರೊಕ್ಕ ಬೇಕಿಲ್ಲ.