ಘಟ್ಟದಾಚೆಯ ಪಾಠ

ಕಿತ್ತೂರಿನ ಸಮೀಪದ ದೇಗಾಂವದಲ್ಲಿ ಕಮಲನಾರಾಯಣ ದೇವಾಲಯವಿದೆ. 12ನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದವಳು ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಕಡಲಂಚಿನ ಕೊಂಕಣ 900 ಹಾಗೂ ಘಟ್ಟದ ಮೇಲಿನ ಹಲಸಿಗೆ 12000 ಎರಡೂ ಈ ಮನೆತನದ ಆಳ್ವಿಕೆಯಲ್ಲಿದ್ದವು. ಮುಂದೆ 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. 1961ರ ಡಿಸೆಂಬರ್‌ವರೆಗೂ ಅದು ನಮಗೆ ಪರದೇಶವೇ. 1824ರಲ್ಲಿ ಚೆನ್ನಮ್ಮ ಇಂಗ್ಲಿಷರೊಡನೆ ಕಾದಾಡುತ್ತಿದ್ದಾಗ ಘಟ್ಟದಾಚೆ ಯಾರ ಬಾವುಟವಿತ್ತು? ಚೆನ್ನಮ್ಮನ ಕಥೆಯನ್ನು ಬಾಯಿಪಾಠವಾಗಿ ಒಪ್ಪಿಸುವ ಮಕ್ಕಳಿಗೆ ನಾವು ಈ ಪ್ರಶ್ನೆಯನ್ನು ಹಾಕುವುದೇ ಇಲ್ಲ.

ಭೂಗೋಳದ ಕೊರತೆ ಇನ್ನೂ ದುಬಾರಿಯಾದದ್ದು. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥ ದಾಟಿ ಕೃಷ್ಣೆಗೆ ಸೇರುತ್ತದೆ. ಅದೇ ತಾಲ್ಲೂಕಿನಲ್ಲಿ (ಅಲ್ಲಿಯೂ ಒಂದು ದೇಗಾಂವವಿದೆ!) ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ತಿರುಗಿ, ಪಣಜಿಯಲ್ಲಿ ಮಾಂಡೋವಿ ಎನಿಸುತ್ತದೆ. 2018ರ ನ್ಯಾಯಮಂಡಳಿಯ ತೀರ್ಪು ಮಹದಾಯಿ ಕಣಿವೆಯಿಂದ ಮಲಪ್ರಭೆಗೆ 3.9 ಟಿಎಂಸಿ ನೀರು ತಿರುಗಿಸಲು ಅವಕಾಶ ಕೊಟ್ಟಿತು. ವಿವಾದ ಅಷ್ಟಕ್ಕೆ ಮುಗಿಯಲಿಲ್ಲ. ಬಂದ್ ಎಂದರೆ ರಜೆ ಎಂದಷ್ಟೇ ತಿಳಿದ ಹುಡುಗನಿಗೆ ಈ ಜಲವಿಭಜಕವನ್ನು ನಕ್ಷೆಯಲ್ಲಿ ಗೆರೆ ಎಳೆದು ತೋರಿಸುವವರು ಯಾರು?

ಕಿತ್ತೂರು ಭಾಗದ ಶಾಲೆಗಳ ಪ್ರವಾಸ ಒಮ್ಮೆ ಹಲಸಿ, ಕಣಕುಂಬಿಗಳ ದಾರಿ ಹಿಡಿದು ಗೋವೆಗೆ ಇಳಿಯಲಿ. ಗೋವೆಯ ಮಕ್ಕಳೂ ಘಟ್ಟ ಹತ್ತಿ ಬಂದು, ತಮ್ಮ ರಾಣಿಯೊಬ್ಬಳು ಕಟ್ಟಿಸಿದ ಗುಡಿಯನ್ನು ನೋಡಲಿ. ಉಭಯ ರಾಜ್ಯಗಳ ಶಿಕ್ಷಣ ಇಲಾಖೆಗಳಿಗೆ ಇದು ದೊಡ್ಡ ವೆಚ್ಚವಲ್ಲ.