ದನಿ ಒಲಿಯಲು ತಾಳ್ಮೆ ಬೇಕು

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಶಾಲಾ ಸಮಾರಂಭಗಳಲ್ಲಿ ಪ್ರಾರ್ಥನೆ ಹಾಡುವ ಹುಡುಗಿಯರ ದನಿಯನ್ನು ಮೆಚ್ಚುವವರು ಬಹಳ, ಬೆಳೆಸುವವರು ವಿರಳ.

ಪಾಶ್ಚಾತ್ಯರ ಸಂಗೀತ ನಾಟಕವಾದ ಒಪೆರಾದಲ್ಲಿ ಹೆಣ್ಣಿನ ಅತಿ ಎತ್ತರದ ದನಿಗೆ ಸೊಪ್ರಾನೊ ಎಂದು ಹೆಸರು. ಮೈಕಿಲ್ಲದೆ ಇಡೀ ವಾದ್ಯವೃಂದವನ್ನು ಮೀರಿ ಕೇಳಿಸಲು ಆಕೆ ವರ್ಷಗಟ್ಟಲೆ ಉಸಿರನ್ನು ಪಳಗಿಸಬೇಕು.

ನಮ್ಮ ಸಂಗೀತದ ದಾರಿಯೂ ಅಷ್ಟೇ ದೂರ. ಗಂಗೂಬಾಯಿ ಹಾನಗಲ್ 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗದಿರಲೆಂದು ತಾಯಿ ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತವನ್ನೇ ಬಿಟ್ಟರು. ಮುಂದೆ ಮಗಳು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಗಂಟಲ ಚಿಕಿತ್ಸೆಯ ನಂತರ ತೆಳುದನಿ ಗಡುಸಾಯಿತು. ಹಾಡು ಮಾತ್ರ ನಿಲ್ಲಲಿಲ್ಲ. 2002ರಲ್ಲಿ ಪದ್ಮವಿಭೂಷಣ ಬಂತು.

ಪರೀಕ್ಷೆಯ ಹೆಸರಿನಲ್ಲಿ ಮಗಳ ಹಾಡು ನಿಲ್ಲಿಸುವ ಮೊದಲು ಪಾಲಕರು ಅಂಬಾಬಾಯಿಯವರನ್ನು ನೆನೆಯಲಿ.