ಬರುವ ವರ್ಷದ ತಂಡ: ಬಲಾಬಲದ ಲೆಕ್ಕ

ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ಅಂಗಳವುಳ್ಳ ಕಾಲೇಜುಗಳು ಹಲವು ಇವೆ. ಸಂಜೆ ತರಗತಿಗಳು ಮುಗಿದ ಮೇಲೆ ಶಿವಾಜಿನಗರದಿಂದ ಹಲಸೂರಿನತ್ತ ನಡೆದುಹೋಗುವವರಿಗೆ ಗೋಡೆಯಾಚೆಯಿಂದ ಸಿಮೆಂಟು ನೆಲಕ್ಕೆ ಚೆಂಡು ಬಡಿಯುವ ಸದ್ದು ಕೇಳಿಬರುವುದುಂಟು. ನಾವು ಭೌತಶಾಸ್ತ್ರವನ್ನು ಬೋಧಿಸುವವರು, ಆಟಗಾರರಲ್ಲ. ಆದರೂ ಕ್ರೀಡಾಸಮಿತಿಯಲ್ಲಿ ನಮ್ಮ ಹೆಸರಿರುವ ಕಾರಣ ಕಳೆದ ವರ್ಷ ಒಂದು ಅಂತರಕಾಲೇಜು ಪಂದ್ಯಾವಳಿಯ ಚೀಟಿ ಎತ್ತುವ ಸಮಯಕ್ಕೆ ಹಾಜರಿರಬೇಕಾಯಿತು. ಹಿಂದಿನ ವರ್ಷ ಗೆದ್ದ ತಂಡಕ್ಕೆ ಮೊದಲನೆಯ ಶ್ರೇಯಾಂಕ, ಅಂತಿಮ ಪಂದ್ಯದಲ್ಲಿ ಸೋತದ್ದಕ್ಕೆ ಎರಡನೆಯದು, ಉಳಿದವರಿಗೆಲ್ಲ ಚೀಟಿ. ಮೊದಲನೆಯ ಶ್ರೇಯಾಂಕ ಪಡೆದ ತಂಡದ ಐವರು ಮುಖ್ಯ ಆಟಗಾರ್ತಿಯರಲ್ಲಿ ನಾಲ್ವರು ಪದವಿ ಮುಗಿಸಿ ಹೊರಟುಹೋಗಿದ್ದರೆಂಬುದು ಅಲ್ಲಿದ್ದವರೆಲ್ಲರಿಗೂ ತಿಳಿದಿದ್ದಿತು. ಆದರೆ ನಿಯಮ ನಿಯಮವೇ. ಚೀಟಿಯ ದೆಸೆಯಿಂದ ನಮ್ಮ ಹುಡುಗಿಯರಿಗೆ ಮೊದಲ ಸುತ್ತಿನಲ್ಲಿಯೇ ಆ ವರ್ಷದ ಅತ್ಯಂತ ಬಲಿಷ್ಠ ತಂಡ ಎದುರಾಯಿತು. ನಲವತ್ತು ನಿಮಿಷಗಳಲ್ಲಿ ಅವರ ವರ್ಷ ಮುಗಿದುಹೋಯಿತು. ಅಂತಿಮ ವರ್ಷದಲ್ಲಿದ್ದ ನಾಯಕಿ ಮರುದಿನ ಪ್ರಯೋಗಶಾಲೆಯಲ್ಲಿ ಕೇಳಿದಳು: “ಸರ್, ಈ ವರ್ಷ ಯಾವ ತಂಡ ಎಷ್ಟು ಗಟ್ಟಿ ಅಂತ ಮೊದಲೇ ಲೆಕ್ಕ ಹಾಕೋದಕ್ಕೆ ಆಗೋದಿಲ್ಲವೆ?”

ಆಗುತ್ತದೆ. ಅಮೆರಿಕದಲ್ಲಿ 360ಕ್ಕೂ ಹೆಚ್ಚು ಕಾಲೇಜು ತಂಡಗಳ ಬಲವನ್ನು ಋತು ಆರಂಭವಾಗುವ ಮುನ್ನವೇ ಅಂದಾಜು ಮಾಡಿ ಪ್ರಕಟಿಸುವ ಕೆನ್ ಪೊಮರಾಯ್ ಎಂಬಾತ ವೃತ್ತಿಯಿಂದ ಹವಾಮಾನ ತಜ್ಞನಾಗಿದ್ದವನು. ಚದುರಂಗದ ಆಟಗಾರರ ಬಲವನ್ನು ಅಂಕಿಯಲ್ಲಿ ಸೂಚಿಸುವ ಪ್ರಸಿದ್ಧ ವಿಧಾನವನ್ನು ರೂಪಿಸಿದ ಆರ್ಪಾಡ್ ಎಲೊ ಮಿಲ್ವಾಕಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ಆದ್ದರಿಂದ ನಮ್ಮಂಥವರು ಈ ವಿಷಯದಲ್ಲಿ ಕೈಹಾಕುವುದು ಅಧಿಕಪ್ರಸಂಗವೆನಿಸಲಾರದು.

ಮೊದಲು ಬಲವೆಂದರೇನು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಎಷ್ಟು ಪಂದ್ಯ ಗೆದ್ದರು ಎಂದು ಎಣಿಸಿದರೆ ಸಾಲದು. ಯಾರ ಮೇಲೆ ಗೆದ್ದರು ಎಂಬುದು ಮುಖ್ಯ. ಇದಕ್ಕೆ ನಮ್ಮ ಊರಿನಲ್ಲಿಯೇ ಒಂದು ದೃಷ್ಟಾಂತವಿದೆ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಏಷ್ಯಾ ಕಪ್ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ‘ಬಿ’ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತ ತಂಡವು ಕಜಾಕಿಸ್ತಾನವನ್ನು 75–73 ಅಂಕಗಳಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿತು. ಎರಡು ವರ್ಷಗಳ ಬಳಿಕ, 2019ರಲ್ಲಿ, ಇದೇ ಬೆಂಗಳೂರಿನಲ್ಲಿ ಜಪಾನ್, ಕೊರಿಯಾಗಳಂಥ ತಂಡಗಳನ್ನು ಎದುರಿಸಿ ‘ಎ’ ವಿಭಾಗದ 8 ತಂಡಗಳಲ್ಲಿ ಎಂಟನೆಯದಾಯಿತು. ತಂಡ ಕುಸಿಯಿತೆಂದು ಇದರಿಂದ ಹೇಳಬಹುದೆ? ಎದುರಾಳಿಗಳೇ ಬದಲಾಗಿರುವಾಗ ಹಾಗೆ ತೀರ್ಮಾನಿಸುವುದು ದುಡುಕು.

ಆದಕಾರಣ ಗೆಲುವಿನ ಅಂತರವನ್ನೂ ಎದುರಾಳಿಯನ್ನೂ ಒಟ್ಟಿಗೆ ಲೆಕ್ಕಕ್ಕೆ ತರಬೇಕು. ನಾಲ್ಕು ತಂಡಗಳನ್ನು ಕಲ್ಪಿಸಿಕೊಳ್ಳೋಣ. ಅವಕ್ಕೆ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಎಂದು ಹೆಸರಿಡೋಣ. ಯಾವ ನಿಜವಾದ ಕಾಲೇಜಿಗೂ ಇವು ಸಂಬಂಧಿಸಿದವಲ್ಲ. ಕಳೆದ ವರ್ಷ ಶಿವಾಜಿನಗರವು ಇಂದಿರಾನಗರವನ್ನು 5 ಅಂಕಗಳಿಂದ ಸೋಲಿಸಿತು. ಹಲಸೂರು ತಂಡ ಇಂದಿರಾನಗರವನ್ನು 4ರಿಂದಲೂ ಕೃಷ್ಣರಾಜಪುರವನ್ನು 24ರಿಂದಲೂ ಸೋಲಿಸಿತು. ಇಂದಿರಾನಗರವು ಕೃಷ್ಣರಾಜಪುರವನ್ನು 26ರಿಂದ ಸೋಲಿಸಿತು. ಶಿವಾಜಿನಗರ, ಹಲಸೂರುಗಳು ಪರಸ್ಪರ ಆಡಲೇ ಇಲ್ಲ. ಇವೆರಡರಲ್ಲಿ ಬಲವಾದುದು ಯಾವುದು?

ಇಲ್ಲಿ ಒಂದು ತೊಡಕಿದೆ. ಹಲಸೂರು ಇಂದಿರಾನಗರಕ್ಕಿಂತ 4, ಇಂದಿರಾನಗರ ಕೃಷ್ಣರಾಜಪುರಕ್ಕಿಂತ 26 ಮೇಲೆಂದರೆ, ಹಲಸೂರು ಕೃಷ್ಣರಾಜಪುರಕ್ಕಿಂತ 30 ಮೇಲಿರಬೇಕು. ಅಂಗಳದಲ್ಲಿ ಕಂಡುಬಂದದ್ದು 24 ಮಾತ್ರ. ಲೆಕ್ಕದ ತ್ರಿಕೋಣ 6 ಅಂಕಗಳಷ್ಟು ಕೂಡಿಕೊಳ್ಳದೆ ಉಳಿಯಿತು.

ಇಂಥದೇ ತೊಡಕು ಭೂಮಾಪಕರಿಗೆ ಬಹುಹಿಂದೆಯೇ ಎದುರಾಗಿತ್ತು. ಅದೂ ಬೆಂಗಳೂರಿನ ಇದೇ ಪೂರ್ವಭಾಗದಲ್ಲಿ. 1800ರ ಕೊನೆಯ ತಿಂಗಳುಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಯು ಬಾಣಸವಾಡಿಯಿಂದ ಅಗರದವರೆಗೆ ಸುಮಾರು 7.4 ಮೈಲಿ ಉದ್ದದ ಆಧಾರರೇಖೆಯನ್ನು ಸರಪಳಿಯಿಂದ ಅಳೆದನು. ಅಂಥ ಒಂದು ರೇಖೆಯ ಮೇಲೆ ತ್ರಿಕೋಣದ ಮೇಲೆ ತ್ರಿಕೋಣವನ್ನು ಹೆಣೆದುಕೊಂಡು ಹೋಗಿ ದೇಶವನ್ನೇ ಅಳೆಯುವುದು ಅವರ ಕ್ರಮ. ಪ್ರತಿಯೊಂದು ತ್ರಿಕೋಣದಲ್ಲಿ ಮೂರು ಕೋನಗಳನ್ನೂ ಅಳೆದು ಕೂಡಿಸಿದರೆ ಮೊತ್ತವು ಇರಬೇಕಾದಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ತಪ್ಪು ಯಾವ ಕೋನದಲ್ಲಿದೆಯೆಂದು ತಿಳಿಯುವ ಬಗೆಯಿಲ್ಲ. ಆಗ ಉಳಿದ ದೋಷವನ್ನು ಮೂರಕ್ಕೂ ಸಮನಾಗಿ ಹಂಚುವುದೇ ನ್ಯಾಯ. ಈ ಹಂಚಿಕೆಗೆ ಶಾಸ್ತ್ರೀಯವಾದ ತಳಹದಿಯನ್ನು ಕೊಟ್ಟದ್ದು ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನ. ಕಂಡ ಬೆಲೆಗೂ ಲೆಕ್ಕದ ಬೆಲೆಗೂ ಇರುವ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿದಾಗ ಆ ಮೊತ್ತವು ಸಾಧ್ಯವಾದಷ್ಟು ಕಡಿಮೆಯಾಗುವಂತೆ ಬೆಲೆಗಳನ್ನು ಆರಿಸಬೇಕೆಂಬುದು ಅದರ ಸಾರ.

ನಮ್ಮ ತ್ರಿಕೋಣದಲ್ಲಿಯೂ 6 ಅಂಕಗಳನ್ನು ಎರಡೆರಡಾಗಿ ಹಂಚೋಣ. ಹಲಸೂರು ಇಂದಿರಾನಗರಕ್ಕಿಂತ 2, ಇಂದಿರಾನಗರ ಕೃಷ್ಣರಾಜಪುರಕ್ಕಿಂತ 24, ಹಲಸೂರು ಕೃಷ್ಣರಾಜಪುರಕ್ಕಿಂತ 26: ಈಗ ಲೆಕ್ಕ ಕೂಡಿಕೊಂಡಿತು. ಶಿವಾಜಿನಗರ ಇಂದಿರಾನಗರಕ್ಕಿಂತ 5 ಮೇಲಿರುವುದರಿಂದ ಹಲಸೂರಿಗಿಂತ 3 ಮೇಲಾಯಿತು. ನಾಲ್ಕರ ಸರಾಸರಿಯನ್ನು ಸೊನ್ನೆಯೆಂದಿಟ್ಟುಕೊಂಡರೆ ಶಿವಾಜಿನಗರ 9.25, ಹಲಸೂರು 6.25, ಇಂದಿರಾನಗರ 4.25, ಕೃಷ್ಣರಾಜಪುರ −19.75. ಈ ಅಂಕಿಗಳನ್ನು ಬಲಾಂಕವೆಂದು ಕರೆಯೋಣ. ತಂಡಗಳು ನೂರಾದರೂ ವಿಧಾನ ಇದೇ. ಸಮೀಕರಣಗಳನ್ನು ಬಿಡಿಸಲು ಯಂತ್ರ ಬೇಕಾಗುತ್ತದೆ, ಅಷ್ಟೆ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಿಬಿಡುತ್ತೇವೆ. ಮೂವತ್ತು ಅಂಕ ಮುಂದಿರುವ ತರಬೇತುದಾರನು ಮುಖ್ಯ ಆಟಗಾರರನ್ನು ಕೂರಿಸಿಬಿಡುತ್ತಾನಾದ್ದರಿಂದ ತೀರ ದೊಡ್ಡ ಅಂತರಗಳನ್ನು ಪೂರ್ತಿಯಾಗಿ ನಂಬಬಾರದು. ವೇಗವಾಗಿ ಆಡುವ ತಂಡಕ್ಕೆ ಚೆಂಡು ಹೆಚ್ಚು ಸಲ ಕೈಗೆ ಬರುವುದರಿಂದ ಅಂತರವೂ ಹಿಗ್ಗುತ್ತದೆ. ಪೊಮರಾಯ್ ಈ ಕಾರಣದಿಂದಲೇ ಚೆಂಡು ಕೈಗೆ ಬಂದ ನೂರು ಸರದಿಗೆ ಎಷ್ಟು ಅಂಕ ಎಂದು ಲೆಕ್ಕಹಾಕುತ್ತಾನೆ.

ಇಷ್ಟು ಕಳೆದ ವರ್ಷದ ಕಥೆ. ಬರುವ ವರ್ಷದ ತಂಡ ಅದೇ ತಂಡವಲ್ಲ. ಬಂಡೆಯನ್ನು ಒಮ್ಮೆ ತೂಗಿದರೆ ಮುಂದಿನ ವರ್ಷವೂ ಅದೇ ತೂಕವಿರುತ್ತದೆ. ಕಾಲೇಜು ತಂಡವಾದರೋ ಮೂರು ವರ್ಷಗಳಲ್ಲಿ ಪೂರ್ತಿ ಹೊಸದಾಗಿಬಿಡಬಹುದು. ಹೀಗಿರುವುದರಿಂದ ಹಳೆಯ ಬಲದಲ್ಲಿ ಎಷ್ಟು ಪಾಲು ಉಳಿದಿದೆಯೆಂದು ಕೇಳಬೇಕು. ಪಂದ್ಯ 40 ನಿಮಿಷ, ಅಂಗಳದಲ್ಲಿ ಐವರು. ಒಟ್ಟು 200 ಆಟಗಾರ-ನಿಮಿಷಗಳು. ಶಿವಾಜಿನಗರದಲ್ಲಿ ಸರಾಸರಿ 120 ನಿಮಿಷ ಆಡುತ್ತಿದ್ದವರು ಪದವಿ ಮುಗಿಸಿ ಹೋದರೆನ್ನೋಣ. ಉಳಿದ ಪಾಲು 80, ಎಂದರೆ ನೂರಕ್ಕೆ 40. ಹಲಸೂರಿನಲ್ಲಿ ನೂರಕ್ಕೆ 80 ಉಳಿದಿದೆ. ಹೊಸಬರು ಹೇಗೆ ಆಡುವರೆಂಬುದನ್ನು ಕಾಣುವವರೆಗೆ ಅವರನ್ನು ಸರಾಸರಿ ಆಟಗಾರರೆಂದು ಭಾವಿಸುವುದು ಸರಿ. ಅವರ ಕೊಡುಗೆ ಸೊನ್ನೆ. ಆಗ ಶಿವಾಜಿನಗರದ ಬಲಾಂಕ 9.25ರಿಂದ 3.7ಕ್ಕೆ ಇಳಿಯುತ್ತದೆ, ಹಲಸೂರಿನದು 6.25ರಿಂದ 5ಕ್ಕೆ. ಕ್ರಮ ತಲೆಕೆಳಗಾಯಿತು.

ಬಹಳ ಎತ್ತರದ ತಂದೆತಾಯಿಗಳ ಮಕ್ಕಳು ಸಾಮಾನ್ಯವಾಗಿ ಎತ್ತರವಾಗಿದ್ದರೂ ತಂದೆತಾಯಿಗಳಷ್ಟು ಎತ್ತರವಿರುವುದಿಲ್ಲವೆಂದು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತೋರಿಸಿದ್ದನು. ತಂಡಗಳೂ ಹೀಗೆಯೇ ಸರಾಸರಿಯತ್ತ ಹಿಮ್ಮರಳುತ್ತವೆ. ಕಳೆದ ವರ್ಷದ ಗೆಲುವಿನಲ್ಲಿ ಬಲದ ಜೊತೆಗೆ ಅದೃಷ್ಟವೂ ಸ್ವಲ್ಪ ಸೇರಿರುತ್ತದೆ. ಅದೃಷ್ಟ ಮುಂದಿನ ವರ್ಷಕ್ಕೆ ಉಳಿದುಬರುವುದಿಲ್ಲ.

ನಮ್ಮ ಸೂತ್ರದಲ್ಲಿ ಒಂದು ವಿನೋದವಿದೆ. ಚುರುಕಾದ ಓದುಗರು ಆಗಲೇ ಗಮನಿಸಿರಬಹುದು. ಕೃಷ್ಣರಾಜಪುರದವರೆಲ್ಲರೂ ಕಾಲೇಜು ಬಿಟ್ಟುಹೋದರೆ ಅದರ ಬಲಾಂಕ −19.75ರಿಂದ ಸೊನ್ನೆಗೆ ಏರಿಬಿಡುತ್ತದೆ! ಒಳ್ಳೆಯ ಅಂಗಳವಿಲ್ಲದ, ತರಬೇತುದಾರನಿಲ್ಲದ ಕಾಲೇಜಿಗೆ ಬರುವ ಹೊಸಬರನ್ನು ಸರಾಸರಿ ಆಟಗಾರರೆಂದು ಭಾವಿಸುವುದು ಔದಾರ್ಯವಾದೀತೇ ಹೊರತು ವಿಜ್ಞಾನವಾಗಲಾರದು. ಆದ್ದರಿಂದ ತಂಡವನ್ನು ಎಲ್ಲರ ಸರಾಸರಿಯತ್ತ ಎಳೆಯುವ ಬದಲು ಆ ಕಾಲೇಜಿನ ಹಿಂದಿನ ಕೆಲವು ವರ್ಷಗಳ ಸರಾಸರಿಯತ್ತ ಎಳೆಯುವುದು ಮೇಲು.

ಹಲಸೂರು 5, ಶಿವಾಜಿನಗರ 3.7, ವ್ಯತ್ಯಾಸ 1.3. ಹಾಗಾದರೆ ಹಲಸೂರು ಗೆದ್ದೇ ಗೆಲ್ಲುವುದೆ? ಅಮೆರಿಕದ ಕಾಲೇಜು ಪಂದ್ಯಗಳಲ್ಲಿ ಒಳ್ಳೆಯ ಅಂದಾಜಿನಿಂದಲೂ ಫಲಿತಾಂಶವು ಹೆಚ್ಚುಕಡಿಮೆಯಾಗುವುದರ ಅಳತೆ, ಎಂದರೆ ಮಾನಕ ವಿಚಲನೆ, ಸುಮಾರು 11 ಅಂಕಗಳು. ಅದನ್ನೇ ಬಳಸಿದರೆ 1.3ರ ಮೇಲುಗೈಗೆ ಗೆಲುವಿನ ಸಂಭವ ನೂರಕ್ಕೆ 55 ಮಾತ್ರ. ನಾಣ್ಯ ಚಿಮ್ಮುವುದಕ್ಕಿಂತ ತುಸು ಮೇಲು. ಆದರೆ ಶಿವಾಜಿನಗರಕ್ಕೂ, ಯಾರೂ ಬಿಟ್ಟುಹೋಗದ ಕೃಷ್ಣರಾಜಪುರಕ್ಕೂ ಇರುವ 23ಕ್ಕೂ ಹೆಚ್ಚಿನ ವ್ಯತ್ಯಾಸಕ್ಕೆ ಅದೇ ಲೆಕ್ಕ ನೂರಕ್ಕೆ 98 ಎನ್ನುತ್ತದೆ. ಶ್ರೇಯಾಂಕ ಕೊಡುವವರಿಗೆ ಬೇಕಾದದ್ದು ಇದೇ. ಹಲಸೂರು ಒಂದನೆಯದೋ ಶಿವಾಜಿನಗರ ಒಂದನೆಯದೋ ಎಂಬ ವಾದಕ್ಕೆ ನಮ್ಮ ಅಭಿಪ್ರಾಯದಲ್ಲಿ ಅರ್ಥವಿಲ್ಲ. ಲೆಕ್ಕ ಅಷ್ಟು ಸೂಕ್ಷ್ಮವಾದುದಲ್ಲ. ಅವೆರಡೂ ಪಟ್ಟಿಯ ಬೇರೆ ಬೇರೆ ಅರ್ಧಗಳಲ್ಲಿರಬೇಕು, ಮೊದಲ ಸುತ್ತಿನಲ್ಲಿ ಎದುರಾಗಬಾರದು ಎಂಬುದನ್ನು ಮಾತ್ರ ಅದು ಸ್ಪಷ್ಟವಾಗಿ ಹೇಳುತ್ತದೆ.

ಇದಕ್ಕೆಲ್ಲ ಬೇಕಾದ ಸಾಮಗ್ರಿ ಅಂಕಪಟ್ಟಿಗಳು. ಪಂದ್ಯ ಮುಗಿದ ಮೇಲೆ ಅವು ಎಲ್ಲಿ ಹೋಗುತ್ತವೆಯೋ ದೇವರೇ ಬಲ್ಲ. ಯಾರು ಎಷ್ಟು ನಿಮಿಷ ಆಡಿದರೆಂಬುದು ಅದರಲ್ಲಿ ಇರುವುದಿಲ್ಲವಾದರೂ ಆರಂಭದ ಐವರು ಯಾರು, ಬಳಿಕ ಯಾರು ಇಳಿದರು, ಯಾರು ಎಷ್ಟು ಅಂಕ ಗಳಿಸಿದರು ಎಂಬುದು ಇರುತ್ತದೆ; ಒರಟು ಲೆಕ್ಕಕ್ಕೆ ಅಷ್ಟು ಸಾಕು. ನಮ್ಮ ನಾಯಕಿ ಪದವಿ ಮುಗಿಸಿ ಹೋಗುವ ಮುನ್ನ ಎರಡನೆಯ ವರ್ಷದ ಹುಡುಗಿಯರಿಬ್ಬರಿಗೆ ಒಂದು ನೋಟ್‌ಬುಕ್ ಕೊಟ್ಟು, ಪಂದ್ಯ ಮುಗಿದ ಕೂಡಲೆ ಅಂಕಪಟ್ಟಿಯನ್ನು ನಕಲು ಮಾಡುವ ಕೆಲಸವನ್ನು ಒಪ್ಪಿಸಿ ಹೋಗಿದ್ದಾಳೆ.

ಋತುವಿನ ಮೊದಲ ಪಂದ್ಯ ಮುಗಿದೊಡನೆ ಅಂದಾಜನ್ನು ತಿದ್ದಬೇಕು. ಹಲಸೂರು 1.3ರಿಂದ ಗೆಲ್ಲುವ ಬದಲು ಶಿವಾಜಿನಗರಕ್ಕೆ 9 ಅಂಕಗಳಿಂದ ಸೋತಿತೆನ್ನೋಣ. ಅಂದಾಜಿಗೂ ಫಲಕ್ಕೂ 10.3 ಅಂಕಗಳ ವ್ಯತ್ಯಾಸ. ಒಂದೇ ಪಂದ್ಯವನ್ನು ಪೂರ್ತಿ ನಂಬಬಾರದಾದ್ದರಿಂದ ಐದರಲ್ಲಿ ಒಂದು ಪಾಲನ್ನು, ಎಂದರೆ ಸುಮಾರು 2 ಅಂಕಗಳನ್ನು ತೆಗೆದುಕೊಂಡು ಎರಡು ತಂಡಗಳಿಗೂ ಒಂದೊಂದಾಗಿ ಹಂಚುತ್ತೇವೆ: ಹಲಸೂರು 4, ಶಿವಾಜಿನಗರ 4.7. ಎಲೊನ ಕ್ರಮವೂ ಮೂಲತಃ ಇದೇ. ಪಂದ್ಯಗಳು ಹೆಚ್ಚಿದಂತೆಲ್ಲ ಕಳೆದ ವರ್ಷದ ಅಂಕಿಗೆ ಉಳಿಯುವ ತೂಕ ಕಡಿಮೆಯಾಗುತ್ತ ಹೋಗುತ್ತದೆ.